ಹೆಸರು ಬದಲಿಸಿಕೊಂಡ ಹೆಂಡತಿಯರು

ಹಿಂಸಿಸುವ ಗಂಡನಿಂದ ತಪ್ಪಿಸಿಕೊಂಡು ಹೋದ ಹೆಣ್ಣು, ಅವಳನ್ನು ಹುಡುಕುತ್ತ ಬೆನ್ನು ಹತ್ತುವ ಗಂಡು: ಈ ಕಥೆಯನ್ನು ನಾವು ಥ್ರಿಲ್ಲರ್ ಎಂದು ಕರೆದು, ಅದರ ಹುಟ್ಟನ್ನು ಹಾಲಿವುಡ್ಡಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಆದರೆ ಅದಕ್ಕೆ ನೂರೆಪ್ಪತ್ತೈದು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಆ ಇತಿಹಾಸದುದ್ದಕ್ಕೂ ಒಂದು ಸಂಗತಿ ಮರುಕಳಿಸುತ್ತದೆ. ಮನೆ ಬಿಟ್ಟವಳು ತನ್ನ ಹೆಸರನ್ನೂ ಬಿಡುತ್ತಾಳೆ. ಏಕೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಆಯಾ ಕಾಲದ ಕಾನೂನಿನಲ್ಲಿ.

ಆನ್ ಬ್ರಾಂಟೆ ಆಕ್ಟನ್ ಬೆಲ್ ಎಂಬ ಗುಪ್ತನಾಮದಲ್ಲಿ ‘ದ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ ಕಾದಂಬರಿಯನ್ನು ಪ್ರಕಟಿಸಿದ್ದು 1848ರಲ್ಲಿ. ಅದರ ನಾಯಕಿ ಹೆಲೆನ್ ಚಿತ್ರ ಬಿಡಿಸಿ ಬದುಕಬಹುದೆಂದು ಗುಟ್ಟಾಗಿ ಸಿದ್ಧತೆ ನಡೆಸುತ್ತಾಳೆ. ಗಂಡ ಅವಳ ದಿನಚರಿಯನ್ನು ಓದಿ, ಕುಂಚ ಬಣ್ಣಗಳನ್ನೆಲ್ಲ ಬೆಂಕಿಗೆ ಹಾಕುತ್ತಾನೆ. ಕೊನೆಗೆ ಅವಳು ಮಗನೊಡನೆ ಪಾರಾಗಿ, ‘ಶ್ರೀಮತಿ ಗ್ರಹಾಮ್’ ಎಂಬ ಹೆಸರಿನಲ್ಲಿ ವಿಧವೆಯಂತೆ ಬದುಕುತ್ತಾಳೆ. ತಾನು ಬಿಡಿಸಿದ ಮನೆಯ ಚಿತ್ರಕ್ಕೂ ಬೇರೊಂದು ಊರಿನ ಹೆಸರನ್ನು ಕೊಡುತ್ತಾಳೆ.

ಈ ಗುಟ್ಟುಗಳು ಕುತೂಹಲ ಕೆರಳಿಸಲು ಹೂಡಿದ ತಂತ್ರಗಳಷ್ಟೇ ಅಲ್ಲ. ಕಥೆ ನಡೆಯುವ 1820ರ ದಶಕದ ಇಂಗ್ಲೆಂಡಿನಲ್ಲಿ ಮಗುವಿನ ಮೇಲಿನ ಹಕ್ಕು ತಂದೆಯದು. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಉಳಿಸಿಕೊಳ್ಳಲು ತಾಯಿ ಅರ್ಜಿ ಹಾಕಬಹುದೆಂಬ ಕಾಯಿದೆ ಬಂದದ್ದು 1839ರಲ್ಲಿ. ವಿಚ್ಛೇದನಕ್ಕೆ ಪ್ರತ್ಯೇಕ ನ್ಯಾಯಾಲಯವನ್ನು ತಂದದ್ದು 1857ರ ಕಾಯಿದೆ. ಹೆಂಡತಿಯ ದುಡಿಮೆಯ ಹಣ ಅವಳದೇ ಎಂದು ಒಪ್ಪಿದ್ದು 1870ರ ಕಾಯಿದೆ. ಅಂದರೆ ಚಿತ್ರ ಮಾರಿ ಬಂದ ಕಾಸೂ ಕಾನೂನಿನ ಕಣ್ಣಿನಲ್ಲಿ ಹೆಲೆನ್ನಳ ಗಂಡನದೇ. ಹುಡುಕುವವನ ಪರವಾಗಿ ಕಾನೂನು ನಿಂತಾಗ ಓಡುವವಳಿಗೆ ಸುಳ್ಳು ಹೆಸರೊಂದೇ ಆಸರೆ.

ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ವಿಚ್ಛೇದನ ದುರ್ಲಭವಾಗಿರಲಿಲ್ಲ. ಆದರೂ ನ್ಯಾನ್ಸಿ ಪ್ರೈಸ್ ಅವರ 1987ರ ಕಾದಂಬರಿಯನ್ನು ಆಧರಿಸಿ 1991ರಲ್ಲಿ ತೆರೆಕಂಡ ‘ಸ್ಲೀಪಿಂಗ್ ವಿತ್ ದ ಎನಿಮಿ’ ಚಿತ್ರದ ಲಾರಾ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಗುಟ್ಟಾಗಿ ಈಜು ಕಲಿಯುತ್ತಾಳೆ, ಸಮುದ್ರದಲ್ಲಿ ಮುಳುಗಿ ಸತ್ತಂತೆ ನಂಬಿಸಿ, ಸಾರಾ ಎಂಬ ಹೆಸರಿನಲ್ಲಿ ದೂರದ ಊರು ಸೇರುತ್ತಾಳೆ. ಕೊನೆಯಲ್ಲಿ ಗಂಡ ಎದುರು ನಿಂತಾಗ, ಮನೆಗೆ ನುಗ್ಗಿದ ಒಬ್ಬನನ್ನು ಕೊಂದೆನೆಂದು ಪೊಲೀಸರಿಗೆ ಫೋನಿನಲ್ಲಿ ಮೊದಲು ಹೇಳಿ, ಆಮೇಲೆ ಗುಂಡು ಹಾರಿಸುತ್ತಾಳೆ. ಆ ಕ್ಷಣಕ್ಕೆ ಅವನು ಗಂಡನಲ್ಲ, ಅತಿಕ್ರಮಿಸಿದ ಅಪರಿಚಿತ. ಕಾನೂನು ಕೊಡಬೇಕಾಗಿದ್ದ ‘ಮಾಜಿ’ ಎಂಬ ಮಾತನ್ನು ಅವಳು ತಾನೇ ಉಚ್ಚರಿಸಬೇಕಾಯಿತು. ಬೆನ್ನು ಹತ್ತಿ ಕಾಡುವುದನ್ನೇ ಅಪರಾಧವೆಂದು ಸಾರಿದ ಆ ದೇಶದ ಮೊದಲ ಕಾಯಿದೆಯನ್ನು ಕ್ಯಾಲಿಫೋರ್ನಿಯ ರಾಜ್ಯ ಮಾಡಿದ್ದು ಚಿತ್ರ ಬಿಡುಗಡೆಯಾಗುವ ಮುಂಚಿನ ವರ್ಷ, 1990ರಲ್ಲಿ.

ಮುಂಬಯಿಯ ಹಿಂದಿ ಚಿತ್ರರಂಗ ಇದೇ ಕಥೆಯನ್ನು ಎರಡು ವರ್ಷಗಳೊಳಗೆ ಮೂರು ಬಾರಿ ತೆರೆಗೆ ತಂದಿತು: 1995ರಲ್ಲಿ ‘ಯಾರಾನಾ’, 1996ರಲ್ಲಿ ‘ಅಗ್ನಿಸಾಕ್ಷಿ’ ಮತ್ತು ‘ದರಾರ್’. ‘ಅಗ್ನಿಸಾಕ್ಷಿ’ಯಲ್ಲಿ ನಾನಾ ಪಾಟೇಕರ್ ಅಭಿನಯಿಸಿದ ಗಂಡ, ಮತ್ತೊಬ್ಬನ ಮಡದಿಯಾಗಿರುವ ಶುಭಾಂಗಿಯ ಮುಂದೆ ನಿಂತು ಇವಳು ನನ್ನ ಹೆಂಡತಿ ಮಧು ಎನ್ನುತ್ತಾನೆ. ಇಲ್ಲಿಯೂ ಕಥೆಯ ತಿರುಗಣಿ ಎರಡು ಹೆಸರುಗಳೇ. ಹಿಂದೂ ವಿವಾಹ ಕಾಯಿದೆಯ 1976ರ ತಿದ್ದುಪಡಿ ಕ್ರೌರ್ಯವನ್ನು ವಿಚ್ಛೇದನಕ್ಕೆ ಆಧಾರವಾಗಿ ಒಪ್ಪಿತ್ತು, 1983ರಲ್ಲಿ ಅದು ದಂಡಸಂಹಿತೆಯ 498ಎ ವಿಧಿಯಡಿ ಅಪರಾಧವೂ ಆಗಿತ್ತು. ಆದರೆ ಬಿಟ್ಟು ಬಂದವಳ ಬಾಗಿಲಿಗೆ ಅವನು ಮತ್ತೆ ಬಾರದಂತೆ ತಡೆಯುವ ವಿಶೇಷ ಕಾಯಿದೆ ಇನ್ನೂ ಇರಲಿಲ್ಲ.

ಆ ಕೊರತೆಯನ್ನು ತುಂಬಲು ಹೊರಟಿದ್ದು, 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ 2005ರ ಕೌಟುಂಬಿಕ ಹಿಂಸೆ ಕಾಯಿದೆ. ಈಗ ಕೂಡಿ ಬಾಳುತ್ತಿರುವವರಷ್ಟೇ ಅಲ್ಲ, ಹಿಂದೆ ಎಂದಾದರೂ ಒಂದೇ ಮನೆಯಲ್ಲಿ ಬಾಳಿದವರ ಸಂಬಂಧವೂ ಅದರ ವ್ಯಾಪ್ತಿಗೆ ಬರುತ್ತದೆ. ವಿಚ್ಛೇದನಕ್ಕೆ ಮುಂಚೆ ನಡೆದ ಹಿಂಸೆಗೆ ವಿಚ್ಛೇದಿತೆಯೂ ಪರಿಹಾರ ಕೇಳಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಅವನು ಅವಳ ಕೆಲಸದ ಜಾಗಕ್ಕೆ ಬಾರದಂತೆ, ಫೋನು ಪತ್ರಗಳ ಮೂಲಕವೂ ಸಂಪರ್ಕಿಸದಂತೆ ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ಮೀರಿದರೆ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ಹೊರನಾಡಿನಲ್ಲಿರುವ ನಮಗೆ ಈ ಕಾಯಿದೆಯ 27ನೆಯ ವಿಧಿ ಮುಖ್ಯವಾದದ್ದು. ಮದುವೆಯಾಗಿ ಮುಂಬಯಿಗೋ ಪುಣೆಗೋ ಬಂದು, ಬಾಳಲಾರದೆ ಧಾರವಾಡದ ತವರಿಗೆ ಮರಳಿದ ಹೆಣ್ಣು, ತಾತ್ಕಾಲಿಕವಾಗಿ ತಂಗಿದ್ದರೂ ಸರಿ, ಅಲ್ಲಿಯೇ ಅರ್ಜಿ ಸಲ್ಲಿಸಬಹುದು. ಅಲ್ಲಿ ಹೊರಟ ಆಜ್ಞೆ ಭಾರತದಾದ್ಯಂತ ಜಾರಿಯಾಗುತ್ತದೆ. ಕಾಗದದ ಆಜ್ಞೆ ಎಲ್ಲ ಕಡೆಯೂ ಬಾಗಿಲು ಕಾಯುವುದಿಲ್ಲ, ನಿಜ. ಆದರೆ ಆ ಅರ್ಜಿಯಲ್ಲಿ ಅವಳು ಬರೆಯುವುದು ತನ್ನ ಸ್ವಂತ ಹೆಸರನ್ನು. ಹೆಲೆನ್ನಳಿಗೂ ಲಾರಾಳಿಗೂ ದಕ್ಕದೆ ಹೋದದ್ದು ಅದೇ.