ಸುಖವನ್ನು ಅಳೆಯುವ ಕೋಲು

ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಾದಿಯಲ್ಲಿ ಮಂಚೇನಹಳ್ಳಿ ಸಿಗುತ್ತದೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಸೀಮೆ. ಕೆರೆ ಬತ್ತಿದರೆ ಕೊಳವೆಬಾವಿಯೇ ಗತಿ. ಈ ಸೀಮೆಯ ಆಳದ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಮಿತಿಯುಂಟು. ಮೀರಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ವರ್ಷಗಟ್ಟಲೆ ಕುಡಿದವರ ಕೀಲು ಬಿಗಿಯುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆಯನ್ನು ವೈದ್ಯರು ಮೊದಲು ವರದಿ ಮಾಡಿದ್ದು 1937ರಲ್ಲಿ, ನೆಲ್ಲೂರಿನ ಕಡೆಯಿಂದ. ಹಲ್ಲಿನ ಕಲೆಗೆ ದರ್ಜೆ ಕಟ್ಟುವ ಕ್ರಮವನ್ನು ಅಮೆರಿಕದ ಡಾ. ಡೀನ್ 1934ರಲ್ಲೇ ಹೂಡಿದ್ದರು.

ನೀರನ್ನು ಅಳೆದದ್ದಾಯಿತು, ಹಲ್ಲನ್ನೂ ಅಳೆದದ್ದಾಯಿತು. ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹುಡುಗಿಯ ಸಂಕೋಚವನ್ನು ಯಾವ ದರ್ಜೆಗೆ ಸೇರಿಸೋಣ?

ಕಾಯಿಲೆಯಿಲ್ಲದಿರುವುದಷ್ಟೇ ಆರೋಗ್ಯವಲ್ಲ, ದೇಹ, ಮನಸ್ಸು, ಸಮಾಜಜೀವನ ಮೂರರಲ್ಲೂ ನೆಮ್ಮದಿ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ 1948ರಿಂದಲೇ ಹೇಳುತ್ತಿದೆ. ಆ ನೆಮ್ಮದಿಗೊಂದು ಅಳತೆಗೋಲು ಮಾಡಲು ಸಂಸ್ಥೆ ಕೈಹಾಕಿದ್ದು ಮಾತ್ರ 1991ರಲ್ಲಿ. ದಿಲ್ಲಿ, ಮದರಾಸುಗಳೂ ಸೇರಿದಂತೆ 15 ಕೇಂದ್ರಗಳಲ್ಲಿ ಜನರನ್ನು ವಿಚಾರಿಸಿ 100 ಪ್ರಶ್ನೆಗಳ ಪಟ್ಟಿ ಸಿದ್ಧಪಡಿಸಿದರು; ಮುಂದೆ ಅದನ್ನು 26ಕ್ಕೆ ಇಳಿಸಿದರು. ನೋವು ಕೆಲಸಕ್ಕೆ ಎಷ್ಟು ಅಡ್ಡಿ, ನಿದ್ರೆ ಹೇಗೆ, ನಿಮ್ಮ ರೂಪ ನಿಮಗೆ ಒಪ್ಪಿಗೆಯೇ, ಇಂಥವು. ಉತ್ತರ ಕೊಡುವವನು ವೈದ್ಯನಲ್ಲ, ರೋಗಿ. ಅದರ ದೊಡ್ಡ ಗುಣ ಇದೇ ಎಂದು ನನಗೆ ತೋರುತ್ತದೆ. ತೊಡಕೂ ಇಲ್ಲೇ ಇದೆ. ಕೀಲು ಹಿಡಿದ ಅಜ್ಜ, "ವಯಸ್ಸಾಯಿತಲ್ಲ ಸ್ವಾಮಿ, ಚೆನ್ನಾಗಿಯೇ ಇದ್ದೇನೆ" ಎಂದರೆ ಪಟ್ಟಿ ಅಷ್ಟನ್ನೇ ಬರೆದುಕೊಳ್ಳುತ್ತದೆ.