ರವೀಂದ್ರನಾಥನ್ ನಾಯರ್, ಕೆ.

ಮಲಯಾಳಂ ಚಿತ್ರನಿರ್ಮಾಪಕ, ಗೋಡಂಬಿ ಉದ್ಯಮಿ. 1933ರ ಜುಲೈ 3ರಂದು ಕೇರಳದ ಕೊಲ್ಲಂನಲ್ಲಿ ಹುಟ್ಟಿ, 2023ರ ಜುಲೈ 8ರಂದು ಅದೇ ಊರಿನಲ್ಲಿ ತೀರಿಕೊಂಡರು. ‘ಜನರಲ್ ಪಿಕ್ಚರ್ಸ್’ ಎಂಬ ತಮ್ಮ ಸಂಸ್ಥೆಯಿಂದ ಅವರು ತಯಾರಿಸಿದ್ದು 14 ಚಿತ್ರಗಳನ್ನು ಮಾತ್ರ. ಅವುಗಳಲ್ಲಿ ಐದು ಜಿ. ಅರವಿಂದನ್ ಅವರವು, ನಾಲ್ಕು ಅಡೂರು ಗೋಪಾಲಕೃಷ್ಣನ್ ಅವರವು. ಭಾರತದ ಹೊಸ ಅಲೆಯ ಸಿನಿಮಾದ ಚರಿತ್ರೆ ಬರೆಯುವವರು ನಿರ್ದೇಶಕರ ಹೆಸರುಗಳಿಗೇ ನಿಂತುಬಿಡುತ್ತಾರೆ. ಆದರೆ ಮಲಯಾಳಂನ ಆ ಅಧ್ಯಾಯವನ್ನು ಈ ನಿರ್ಮಾಪಕರನ್ನು ಬಿಟ್ಟು ಬರೆಯಲು ಬರುವುದಿಲ್ಲ. ಚಿತ್ರರಂಗದವರು ಅವರನ್ನು ‘ಜನರಲ್ ಪಿಕ್ಚರ್ಸ್ ರವಿ’ ಎಂದು ಕರೆದರು. ಜನರ ಬಾಯಲ್ಲಿ ಉಳಿದದ್ದು ‘ಅಚ್ಚಾಣಿ ರವಿ’.

ಗೋಡಂಬಿ ವ್ಯಾಪಾರದ ಮನೆತನದಲ್ಲಿ ಹುಟ್ಟಿದ ರವೀಂದ್ರನಾಥನ್ ನಾಯರ್ ‘ವಿಜಯಲಕ್ಷ್ಮಿ ಕ್ಯಾಶ್ಯೂ ಕಂಪನಿ’ಯನ್ನು ಬೆಳೆಸಿ, ರಾಜ್ಯದ ದೊಡ್ಡ ರಫ್ತುದಾರರಲ್ಲಿ ಒಬ್ಬರಾದರು. ಕೊಲ್ಲಂ ಎಂದರೆ ಗೋಡಂಬಿ ಎನ್ನುವಷ್ಟು ಆ ಊರಿಗೂ ಈ ಉದ್ಯಮಕ್ಕೂ ನಂಟು. ಊರ ಬೆಳೆ ಸಾಲದೆ ಆಫ್ರಿಕದಿಂದ ಹಸಿಬೀಜ ಹಡಗಿನಲ್ಲಿ ಬರುತ್ತಿತ್ತು. ಬೀಜ ಹುರಿಯುವುದು, ಒಡೆಯುವುದು, ತಿರುಳಿನ ಮೇಲಿನ ತೆಳು ಸಿಪ್ಪೆ ಬಿಡಿಸುವುದು, ಗಾತ್ರ ನೋಡಿ ವಿಂಗಡಿಸುವುದು ಎಲ್ಲವೂ ಕೈಯ ಕೆಲಸ, ಅದರಲ್ಲೂ ಹೆಚ್ಚಾಗಿ ಹೆಂಗಸರ ಕೈಯ ಕೆಲಸ. ಓಡಿನ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆಂದು ಒಡೆಯುವವರು ಬೆರಳಿಗೆ ಬೂದಿ ಮೆತ್ತಿಕೊಂಡು ಕೂರುತ್ತಿದ್ದರು. ನಮ್ಮ ಕರಾವಳಿಯ ಗೇರುಬೀಜದ ಕಾರ್ಖಾನೆಗಳನ್ನು ಕಂಡವರಿಗೆ ಇದು ಹೊಸದಲ್ಲ. ಒಂದು ಪೌಂಡಿಗೆ ಎಷ್ಟು ತಿರುಳು ತೂಗುತ್ತದೆ ಎಂಬುದರ ಮೇಲೆ ಅದರ ದರ್ಜೆ ನಿಲ್ಲುವ ಈ ವ್ಯಾಪಾರದಲ್ಲಿ ಬೀಜಬೀಜಕ್ಕೂ ಲೆಕ್ಕವುಂಟು. ಅಂಥ ಲೆಕ್ಕದಲ್ಲಿ ಪಳಗಿದವರು, ಹಣ ಮರಳಿ ಬರುವ ಖಾತರಿಯೇ ಇಲ್ಲದ ಚಿತ್ರಗಳ ಮೇಲೆ ಕೈಯಾರೆ ದುಡ್ಡು ಹಾಕಿದರು ಎಂಬುದೇ ಅವರ ಬದುಕಿನ ದೊಡ್ಡ ಸಂಗತಿ.

ಜನರಲ್ ಪಿಕ್ಚರ್ಸ್ 1967ರಲ್ಲಿ ಆರಂಭವಾಯಿತು. ಮೊದಲ ಚಿತ್ರ ‘ಅನ್ವೇಷಿಚ್ಚು ಕಂಡೆತ್ತಿಯಿಲ್ಲ’. ಪಾರಪ್ಪುರತ್ತ್ ಅವರ ಕಾದಂಬರಿ ಆಧಾರ, ಪಿ. ಭಾಸ್ಕರನ್ ನಿರ್ದೇಶನ, ಎಂ.ಎಸ್. ಬಾಬುರಾಜ್ ಸಂಗೀತ. ಆ ವರ್ಷದ ಅತ್ಯುತ್ತಮ ಮಲಯಾಳಂ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಭಾಸ್ಕರನ್ ಅವರದೇ ನಿರ್ದೇಶನದಲ್ಲಿ ‘ಲಕ್ಷಪ್ರಭು’ (1968), ‘ಕಾಟ್ಟುಕುರಂಗು’ (1969) ಬಂದವು. ಹಾಡು, ಕಣ್ಣೀರು, ಪ್ರಸಿದ್ಧ ತಾರೆಗಳಿರುವ ಆ ಕಾಲದ ಮಾರುಕಟ್ಟೆಯ ಚಿತ್ರಗಳಿವು. ರವಿಯವರ ಹೆಸರು ಇವುಗಳಿಂದ ಉಳಿದದ್ದಲ್ಲ.

ನಾಲ್ಕನೆಯದು ಎ. ವಿನ್ಸೆಂಟ್ ನಿರ್ದೇಶನದ ‘ಅಚ್ಚಾಣಿ’ (1973). ಪ್ರೇಂ ನಜೀರ್ ನಾಯಕ. ಗಾಯಕ ಯೇಸುದಾಸ್ ತಾವೇ ತೆರೆಯ ಮೇಲೆ ಕಾಣಿಸಿಕೊಂಡು ಹಾಡಿದ್ದಾರೆ. ಗಾಡಿಯ ಅಚ್ಚಿನಿಂದ ಚಕ್ರ ಕಳಚದಂತೆ ತಡೆಯುವ ಆಣಿಯೇ ಅಚ್ಚಾಣಿ, ನಮ್ಮ ಹಳ್ಳಿಗಳಲ್ಲಿ ಕಡಾಣಿ ಎನ್ನುವುದು ಇದನ್ನೇ. ಚಿತ್ರ ಚೆನ್ನಾಗಿ ಓಡಿತು, ಹಣ ಬಂತು. ಆ ಲಾಭವನ್ನು ರವಿಯವರು ಮುಂದಿನ ಚಿತ್ರಕ್ಕೂ ಇಟ್ಟುಕೊಳ್ಳಲಿಲ್ಲ, ಕಾರ್ಖಾನೆಗೂ ಸುರಿಯಲಿಲ್ಲ. ಕೊಲ್ಲಂ ಪಟ್ಟಣಕ್ಕೆ ಒಂದು ಸಾರ್ವಜನಿಕ ಗ್ರಂಥಾಲಯ ಕಟ್ಟಿಸಲು ಕೊಟ್ಟರು. ಕೊಲ್ಲಂ ಪಬ್ಲಿಕ್ ಲೈಬ್ರರಿಯೂ ಅದರ ಜೊತೆಗಿರುವ ‘ಸೋಪಾನಂ’ ಸಭಾಂಗಣವೂ ಊರಿನ ಸಾಂಸ್ಕೃತಿಕ ಬದುಕಿನ ನಡುಮನೆಯಾದವು. ಒಂದು ಜನಪ್ರಿಯ ಸಿನಿಮಾದ ಗಳಿಕೆ ಪುಸ್ತಕದ ಕಪಾಟುಗಳಾಗಿ ನಿಂತ ಇಂಥ ಉದಾಹರಣೆ ನಮ್ಮ ಚಿತ್ರರಂಗಗಳಲ್ಲಿ ಅಪರೂಪ. ಚಿತ್ರದ ಹೆಸರು ನಿರ್ಮಾಪಕರಿಗೆ ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆಮೇಲೆ ನಾಲ್ಕು ವರ್ಷ ಅವರ ಚಿತ್ರ ಬರಲಿಲ್ಲ. ಬಂದಾಗ ದಾರಿಯೇ ಬೇರೆಯಾಗಿತ್ತು.

ಜಿ. ಅರವಿಂದನ್ ರಬ್ಬರ್ ಮಂಡಳಿಯ ನೌಕರ, ‘ಮಾತೃಭೂಮಿ’ ವಾರಪತ್ರಿಕೆಯ ವ್ಯಂಗ್ಯಚಿತ್ರಕಾರ. ಅಲ್ಲಿಯವರೆಗೆ ಮಾಡಿದ್ದು ‘ಉತ್ತರಾಯಣಂ’ (1974) ಎಂಬ ಒಂದೇ ಚಿತ್ರ. ಅವರ ಎರಡನೆಯ ಚಿತ್ರ ‘ಕಾಂಚನಸೀತ’ಕ್ಕೆ (1977) ರವಿ ಹಣ ಹಾಕಿದರು. ಸಿ.ಎನ್. ಶ್ರೀಕಂಠನ್ ನಾಯರ್ ಅವರ ನಾಟಕವನ್ನು ಆಧರಿಸಿದ ಉತ್ತರರಾಮಾಯಣದ ಕಥೆ ಇದು. ಆಂಧ್ರದ ಕಾಡಿನಲ್ಲಿ ಚಿತ್ರೀಕರಣ. ರಾಮ ಲಕ್ಷ್ಮಣರ ಪಾತ್ರಗಳಲ್ಲಿ ಚೆಂಚು ಬುಡಕಟ್ಟಿನವರು. ಸೀತೆಯಾಗಿ ಯಾವ ನಟಿಯೂ ಇಲ್ಲ. ಎಲೆ ಅಲುಗಿದರೆ, ಗಾಳಿ ಬೀಸಿದರೆ, ನೀರು ಕದಲಿದರೆ ಅದೇ ಸೀತೆ. ಕಿರೀಟ, ಆಭರಣ, ಅರಮನೆಗಳಿಲ್ಲದ ರಾಮಾಯಣಕ್ಕೆ ಟಿಕೆಟ್ ಕೊಳ್ಳುವವರು ಎಷ್ಟು ಮಂದಿ ಎಂದು ಯಾವ ವ್ಯಾಪಾರಿಯೂ ಮೊದಲು ಕೇಳಿಯಾನು. ಅರವಿಂದನ್‌ಗೆ ಅತ್ಯುತ್ತಮ ನಿರ್ದೇಶಕ ರಾಷ್ಟ್ರಪ್ರಶಸ್ತಿ ಬಂತು, ನಿರ್ಮಾಪಕರು ಮುಂದಿನ ಚಿತ್ರಕ್ಕೂ ಒಪ್ಪಿದರು.

ಅದು ‘ತಂಪು’ (1978). ಹೆಸರಿಗೆ ಸರ್ಕಸ್ಸಿನ ಡೇರೆ ಎಂದರ್ಥ. ಭಾರತಪ್ಪುಳ ನದಿಯ ದಂಡೆಯ ತಿರುನಾವಾಯಕ್ಕೆ ಒಂದು ಸರ್ಕಸ್ ತಂಡ ಲಾರಿಯಲ್ಲಿ ಬಂದು, ಡೇರೆ ಹಾಕಿ, ಕೆಲವು ದಿನ ಆಟ ತೋರಿಸಿ, ಬಂದಂತೆಯೇ ಹೋಗುತ್ತದೆ. ನಿಜವಾದ ಸರ್ಕಸ್ಸಿನವರನ್ನೇ ಬಳಸಿ ಕಪ್ಪು-ಬಿಳುಪಿನಲ್ಲಿ ತೆಗೆದ ಈ ಚಿತ್ರದಲ್ಲಿ ಆಟಕ್ಕಿಂತ ಹೆಚ್ಚಾಗಿ ಕಣ್ಣು ಹಿಡಿಯುವುದು ನೋಡುಗರ ಮುಖಗಳು. ಬಾಯಿ ತೆರೆದ ಮುದುಕಿ, ಉಸಿರು ಬಿಗಿಹಿಡಿದ ಹುಡುಗ, ನಗುವುದೋ ಹೆದರುವುದೋ ತಿಳಿಯದ ಹೆಂಗಸರು. ಆಟದಲ್ಲಿ ಮೈಮರೆತ ಆ ಹಳ್ಳಿಗರಿಗೆ ಕ್ಯಾಮೆರಾ ಇರುವುದೇ ಮರೆತುಹೋಗಿತ್ತು. ಛಾಯಾಗ್ರಾಹಕ ಷಾಜಿ ಎನ್. ಕರುಣ್ ಆ ಮುಖಗಳ ಮುಂದೆ ತಾಳ್ಮೆಯಿಂದ ನಿಂತಿದ್ದಾರೆ; ಇಂಥ ತಾಳ್ಮೆಗೆ ಸುರುಳಿಗಟ್ಟಲೆ ಫಿಲ್ಮ್ ಬೇಕು, ಅದಕ್ಕೆ ಬಿಲ್ ಕೊಡುವವರೂ ಬೇಕು.

‘ಕುಮ್ಮಾಟ್ಟಿ’ (1979) ಮಕ್ಕಳಿಗಾಗಿ ತೆಗೆದದ್ದು. ಊರಿಗೆ ಬಂದ ಮಾಯಾವಿ ಮುದುಕ ಮಕ್ಕಳನ್ನು ಪ್ರಾಣಿಗಳಾಗಿ ಮಾಡುತ್ತಾನೆ. ಮತ್ತೆ ಮನುಷ್ಯರಾಗಿಸುವ ಹೊತ್ತಿಗೆ ನಾಯಿಯಾಗಿದ್ದ ಹುಡುಗನೊಬ್ಬ ಅಲ್ಲಿರುವುದಿಲ್ಲ. ಕೊನೆಗೂ ಮನುಷ್ಯರೂಪ ಪಡೆದವನು ಮೊದಲು ಮಾಡುವ ಕೆಲಸ ಪಂಜರದ ಹಕ್ಕಿಯನ್ನು ಬಿಟ್ಟುಬಿಡುವುದು. ‘ಎಸ್ತಪ್ಪಾನ್’, ‘ಪೋಕ್ಕುವೆಯಿಲ್’ ಇದರ ಹಿಂದೆಯೇ ಬಂದವು. ಕೊನೆಯದರಲ್ಲಿ ಕವಿ ಬಾಲಚಂದ್ರನ್ ಚುಳ್ಳಿಕ್ಕಾಡ್ ನಾಯಕ. ಹರಿಪ್ರಸಾದ್ ಚೌರಾಸಿಯಾ ಕೊಳಲು. ಹೀಗೆ ಅರವಿಂದನ್ ಒಬ್ಬರೇ ನಿರ್ಮಾಪಕರ ಆಸರೆಯಲ್ಲಿ ಬೆನ್ನುಬೆನ್ನಿಗೆ ಐದು ಚಿತ್ರ ಮಾಡಿದರು. ಒಂದಕ್ಕೊಂದು ಹೋಲಿಕೆಯಿಲ್ಲದ ಆ ಐದರಲ್ಲಿ ಒಂದೂ ಗಲ್ಲಾಪೆಟ್ಟಿಗೆಯನ್ನು ನೆಚ್ಚಿ ಹೊರಟದ್ದಲ್ಲ.

ಅಡೂರು ಗೋಪಾಲಕೃಷ್ಣನ್ ಮೊದಲ ಚಿತ್ರಗಳನ್ನು ತಾವೇ ಕಟ್ಟಿದ ‘ಚಿತ್ರಲೇಖ’ ಸಹಕಾರ ಸಂಘದಿಂದ ಮಾಡಿದ್ದರು. ರವಿಯವರಿಗಾಗಿ ಮಾಡಿದ ಮೊದಲನೆಯದು ‘ಎಲಿಪ್ಪತ್ತಾಯಂ’ (1981), ಎಂದರೆ ಇಲಿಬೋನು. ಅಡೂರರ ಮೊದಲ ವರ್ಣಚಿತ್ರವೂ ಇದೇ. ಕುಸಿಯುತ್ತಿರುವ ನಾಯರ್ ತರವಾಡಿನ ಯಜಮಾನ ಉಣ್ಣಿ ಅಂಗಳಕ್ಕೆ ಬಂದ ಹಸುವನ್ನೂ ತಾನು ಓಡಿಸಲಾರ; ಅಕ್ಕತಂಗಿಯರನ್ನು ಕೂಗುತ್ತಾನೆ. ಕಿರಿಯ ತಂಗಿ ಬೋನಿಗೆ ಬಿದ್ದ ಇಲಿಯನ್ನು ಒಯ್ದು ಬೋನಿನ ಸಮೇತ ಕೊಳದಲ್ಲಿ ಮುಳುಗಿಸುತ್ತಾಳೆ. ಕಾನ್ ಉತ್ಸವದಲ್ಲಿ ತೋರಿಸಲಾದ ಈ ಚಿತ್ರಕ್ಕೆ 1982ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸದರ್‌ಲ್ಯಾಂಡ್ ಟ್ರೋಫಿ ಬಂತು. ‘ಮುಖಾಮುಖಂ’ (1984) ಕಮ್ಯುನಿಸ್ಟ್ ಕಾರ್ಯಕರ್ತನೊಬ್ಬನ ಕಥೆ. ಕೇರಳದ ಎಡಪಂಥೀಯರಲ್ಲಿ ಅದು ದೊಡ್ಡ ವಾಗ್ವಾದ ಎಬ್ಬಿಸಿತು. ಕಾರ್ಖಾನೆಗಳನ್ನು ನಡೆಸುವ ಮನುಷ್ಯ ಇಂಥದ್ದಕ್ಕೆ ಹೆಸರು ಕೊಡಲು ಎದೆಗಾರಿಕೆ ಬೇಕು. ‘ಅನಂತರಂ’ (1987) ಒಂದೇ ಬದುಕನ್ನು ಬೇರೆಬೇರೆಯಾಗಿ ಹೇಳಿಕೊಳ್ಳುವ ಯುವಕನ ಚಿತ್ರ. ಈ ಎರಡಕ್ಕೂ ಅಡೂರು ಅತ್ಯುತ್ತಮ ನಿರ್ದೇಶಕ ರಾಷ್ಟ್ರಪ್ರಶಸ್ತಿ ಪಡೆದರು. ನಡುವೆ ಎಂ.ಟಿ. ವಾಸುದೇವನ್ ನಾಯರ್ ತಮ್ಮದೇ ಕಾದಂಬರಿಯಿಂದ ನಿರ್ದೇಶಿಸಿದ ‘ಮಂಜು’ವನ್ನೂ ರವಿ ನಿರ್ಮಿಸಿದರು.

ಕೊನೆಯ ಚಿತ್ರ ‘ವಿಧೇಯನ್’ (1993) ಕನ್ನಡ ನಾಡಿನ ನೆಲಕ್ಕೆ ಸೇರಿದ್ದು. ಮೈಸೂರು, ಬೆಂಗಳೂರುಗಳಲ್ಲಿ ಓದಿದ ಪಾಲ್ ಜಕರಿಯಾ ಅವರ ‘ಭಾಸ್ಕರ ಪಟ್ಟೇಲರುಂ ಎಂಡೆ ಜೀವಿತವುಂ’ ಇದರ ಮೂಲ. ದಕ್ಷಿಣ ಕನ್ನಡದ ಕಾಡಂಚಿಗೆ ಕೇರಳದಿಂದ ವಲಸೆ ಬಂದ ಬಡ ಕ್ರೈಸ್ತ ತೊಮ್ಮಿ, ಪಟೇಲಿಕೆ ಹೋದರೂ ದರ್ಪ ಇಳಿಯದ ಭಾಸ್ಕರ ಪಟೇಲ. ಇವರಿಬ್ಬರ ನಡುವಿನ ಆಳು-ಒಡೆಯ ಸಂಬಂಧವೇ ಕಥೆ. ಶೇಂದಿಯಂಗಡಿಯ ಮುಂದೆ ಪಟೇಲ ಕಾರಣವಿಲ್ಲದೆ ಉಗಿಯುತ್ತಾನೆ, ಒದೆಯುತ್ತಾನೆ. ಅದೇ ಕಾಲಿನ ಬುಡದಲ್ಲಿ ತೊಮ್ಮಿ ನೆಲೆ ಕಂಡುಕೊಳ್ಳುತ್ತಾನೆ. ಪಟೇಲ ಸತ್ತ ಮೇಲೆ ಅವನ ಕೋವಿಯನ್ನು ನೀರಿಗೆಸೆದು ಓಡುತ್ತಾನೆ. ಪಟೇಲನಾಗಿ ಮಮ್ಮೂಟ್ಟಿ ಕನ್ನಡವನ್ನೂ ಕನ್ನಡದ ಏರಿಳಿತವಿರುವ ಮಲಯಾಳವನ್ನೂ ಆಡಿದ್ದಾರೆ. ಆ ವರ್ಷ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂದದ್ದು ಈ ಪಾತ್ರಕ್ಕೂ ‘ಪೊಂದನ್ ಮಾಡ’ಕ್ಕೂ ಸೇರಿ. ತೊಮ್ಮಿಯಾಗಿ ಎಂ.ಆರ್. ಗೋಪಕುಮಾರ್ ಅವರದು ಯಾವ ವಿಧದಲ್ಲೂ ಕಡಿಮೆಯಲ್ಲದ ಅಭಿನಯ.

ವಿಧೇಯನ್ ಬಳಿಕ ರವಿ ಚಿತ್ರ ನಿರ್ಮಿಸಲಿಲ್ಲ. ನಿರ್ದೇಶಕರ ಕೆಲಸದಲ್ಲಿ ಕೈಯಾಡಿಸದವರೆಂದೇ ಅವರಿಗೆ ಹೆಸರು. ಕಥೆ ಬದಲಿಸಿ, ಹಾಡು ಸೇರಿಸಿ ಎಂಬ ಒತ್ತಾಯ ಅವರಿಂದ ಇರಲಿಲ್ಲ. ಹಣ ಹಾಕಿದವನಿಗೆ ಇದಕ್ಕಿಂತ ಕಷ್ಟದ ಸಂಯಮ ಇನ್ನೊಂದಿಲ್ಲ. ಪತ್ನಿ ಉಷಾ ರವಿ ಹಿನ್ನೆಲೆ ಗಾಯಕಿಯಾಗಿದ್ದರು, 2013ರಲ್ಲಿ ತೀರಿಕೊಂಡರು. ಮಲಯಾಳಂ ಚಿತ್ರರಂಗದ ಜೀವಮಾನ ಸಾಧನೆಗೆ ಕೇರಳ ಸರ್ಕಾರ ಕೊಡುವ ಜೆ.ಸಿ. ಡೇನಿಯಲ್ ಪ್ರಶಸ್ತಿ 2008ರ ಸಾಲಿಗೆ ರವಿಯವರಿಗೆ ಸಂದಿತು.

ಇಷ್ಟೆಲ್ಲ ಕಷ್ಟಪಟ್ಟು ತೆಗೆದ ಚಿತ್ರಗಳಲ್ಲಿ ‘ಕುಮ್ಮಾಟ್ಟಿ’ಯ ಮೂಲ ನೆಗೆಟಿವ್ ಉಳಿಯಲಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದ್ದ ಪ್ರಿಂಟುಗಳಿಂದ ಅದನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್, ಇಟಲಿಯ ಬೊಲೋನ್ಯದ ಚಿತ್ರಭಂಡಾರ ಮತ್ತು ಮಾರ್ಟಿನ್ ಸ್ಕಾರ್ಸೆಸೆ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ 2021ರಲ್ಲಿ ಪುನರುಜ್ಜೀವಗೊಳಿಸಿದವು. ಹಾಗೆಯೇ ಹೊಸದಾದ ‘ತಂಪು’ 2022ರಲ್ಲಿ ಕಾನ್ ಉತ್ಸವದ ಶ್ರೇಷ್ಠ ಹಳೆಯ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಆಗ ನಿರ್ಮಾಪಕರಿಗೆ 89ರ ಹತ್ತಿರದ ವಯಸ್ಸು. ಮರುವರ್ಷ, 90 ತುಂಬಿದ ಐದನೆಯ ದಿನ, ಕೊಲ್ಲಂನ ಮನೆಯಲ್ಲಿ ಅವರು ಕಣ್ಣುಮುಚ್ಚಿದರು.

ಈ 14 ಚಿತ್ರಗಳನ್ನು ಇನ್ನೂ ನೋಡದ ಕನ್ನಡಿಗರು ‘ವಿಧೇಯನ್’ನಿಂದ ಆರಂಭಿಸಲಿ, ಅದರ ಭಾಷೆಯಲ್ಲಿ ಅರ್ಧ ಅವರಿಗೆ ಆಗಲೇ ಗೊತ್ತಿರುವಂಥದು.