ಹೊರೆಯ ಲೆಕ್ಕ

ಮೂರು ವರ್ಷಗಳ ಹಿಂದಿನ ಮಾತು. ಬೇಸಿಗೆಯ ರಜೆಯಲ್ಲಿ ನಾನು ದುಬೈಯಲ್ಲಿರುವ ತಂಗಿಯ ಮನೆಗೆ ಹೊರಟಿದ್ದೆ. ಕುಲಶೇಖರದ ನಮ್ಮ ಮನೆಯ ಜಗಲಿಯಲ್ಲಿ ಪೆಟ್ಟಿಗೆ ಬಾಯಿ ತೆರೆದುಕೊಂಡು ಕುಳಿತಿತ್ತು. ಪಕ್ಕದ ಮನೆಯಿಂದ ಕೊಕ್ಕೆ ತಕ್ಕಡಿಯೊಂದನ್ನು ಎರವಲು ತಂದಿದ್ದೆವು. ಗಲ್ಫಿನಲ್ಲಿ ಮಕ್ಕಳಿರುವ ನಮ್ಮ ಕೇರಿಯಲ್ಲಿ ಈ ತಕ್ಕಡಿ ಹೆಚ್ಚು ದಿನ ಒಂದೇ ಮನೆಯಲ್ಲಿ ಉಳಿಯುವುದಿಲ್ಲ. ಮದುವೆ ಮನೆಯ ದೊಡ್ಡ ಪಾತ್ರೆಗಳಂತೆ ಅದು ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತದೆ. ಟಿಕೇಟಿನಲ್ಲಿ ನನಗೆ ಅನುಮತಿಯಿದ್ದದ್ದು 30 ಕಿಲೋ. ಕೊಕ್ಕೆಗೆ ಸಿಕ್ಕಿಸಿ ಎತ್ತಿದಾಗ ತಕ್ಕಡಿ 33 ಎಂದಿತು.

ಅಮ್ಮ ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದರು. "ಅಲ್ಲ ಮಗಾ, ಅಷ್ಟು ದೊಡ್ಡ ವಿಮಾನ. ಮೂರು ಕಿಲೋ ಹೆಚ್ಚಾದರೆ ಅದು ಬಿದ್ದುಹೋಗುತ್ತದೆಯೆ?" ಎಂದು ಕೇಳಿದರು.

ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕನ್ನಡ ಪಾಠ ಹೇಳುವವನಿಗೆ ವಿಮಾನದ ಗೊಡವೆ ಏಕೆ ಎಂದು ವಾಚಕರು ನಗಬಹುದು. ಆದರೆ ಪ್ರಶ್ನೆ ಅಮ್ಮನದು. ಅದು ನನ್ನನ್ನು ಬಿಡಲಿಲ್ಲ. ಹುಡುಕುತ್ತ ಹೋದಂತೆ, ಒಂದು ಕಾಲದಲ್ಲಿ ಅಮ್ಮನ ಮಾತು ಹೆಚ್ಚುಕಡಿಮೆ ಅಕ್ಷರಶಃ ನಿಜವಾಗಿತ್ತೆಂದು ತಿಳಿಯಿತು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಹಾರಿಸಿಕೊಂಡು ಬಂದ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿದ್ದ ಹೊರೆ ಎಷ್ಟು? ಸುಮಾರು 25 ಕಿಲೋ ಅಂಚೆ ಕಾಗದಗಳು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕರು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಅಂಚೆಯನ್ನು ಒಯ್ದರು. ಟಾಟಾ ಅವರ ವಿಮಾನ ಸೇವೆಯ ಹೆಮ್ಮೆಯ ಮೊದಲ ಹೊರೆ, ಇಂದು ನಮ್ಮ ಒಬ್ಬ ಗಲ್ಫ್ ಪ್ರಯಾಣಿಕನ ಪೆಟ್ಟಿಗೆಗಿಂತಲೂ ಹಗುರವಾಗಿತ್ತು!

ಆ ಕಾಲದ ವಿಮಾನಗಳಿಗೆ ಪ್ರತಿಯೊಂದು ಕಿಲೋವೂ ಭಾರವೇ. ಆದ್ದರಿಂದ ಲಂಡನ್ನಿನಿಂದ ಕರಾಚಿಗೆ 1929ರಲ್ಲಿ ಹಾರಾಟ ಆರಂಭಿಸಿದ ಇಂಪೀರಿಯಲ್ ಏರ್‌ವೇಸ್ ಮುಂತಾದ ಕಂಪನಿಗಳು ಪೆಟ್ಟಿಗೆಗಳನ್ನು ಮಾತ್ರವಲ್ಲದೆ ಪ್ರಯಾಣಿಕರನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಗುತ್ತಿದ್ದವು. ಸಭ್ಯ ಗೃಹಸ್ಥರು, ಮಹಿಳೆಯರು ಎಲ್ಲರೂ ಆ ತಕ್ಕಡಿಯನ್ನು ಹತ್ತಿ ಇಳಿದೇ ವಿಮಾನವನ್ನು ಏರಬೇಕಾಗಿತ್ತು. ತೂಕದ ಮಿತಿಯ ಮೂಲ ಇಲ್ಲಿದೆ. ಅದು ವ್ಯಾಪಾರಿಯ ಜಿಪುಣತನದಿಂದ ಹುಟ್ಟಿದ್ದಲ್ಲ, ರೆಕ್ಕೆಯ ಶಕ್ತಿಯ ಮಿತಿಯಿಂದ ಹುಟ್ಟಿದ್ದು.

ನಮ್ಮ ಬಜಪೆಯ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು, ಪ್ರಧಾನಿ ಜವಾಹರಲಾಲ್ ನೆಹರೂ ಡಿಸಿ-3 ವಿಮಾನದಲ್ಲಿ ಬಂದಿಳಿದಾಗ. ಡಕೋಟಾ ಎಂದು ಹೆಸರಾದ ಆ ವಿಮಾನದಲ್ಲಿ ಇಪ್ಪತ್ತು ಮೂವತ್ತು ಜನ ಕೂರಬಹುದಾಗಿತ್ತು. 2006ರಲ್ಲಿ ಬಜಪೆಯಿಂದ ನೇರವಾಗಿ ದುಬೈಗೆ ಹಾರಾಟ ಆರಂಭವಾಯಿತು. ಆ ಮಾರ್ಗದಲ್ಲಿ ಹಾರಿದ ಬೋಯಿಂಗ್ 737-800 ಜಾತಿಯ ವಿಮಾನ ನೆಲ ಬಿಡುವಾಗ ಹೆಚ್ಚೆಂದರೆ 79 ಟನ್ ತೂಗಬಹುದು. ಅದರಲ್ಲಿ 189 ಜನ ಕೂರಬಹುದು. 79 ಟನ್ನಿನ ಮುಂದೆ ಅಮ್ಮನ ಮೂರು ಕಿಲೋ ಯಾವ ಲೆಕ್ಕ? ಒಂದೇ ಪೆಟ್ಟಿಗೆಯಾದರೆ ಯಾವ ಲೆಕ್ಕವೂ ಅಲ್ಲ. ಆದರೆ 189 ಅಮ್ಮಂದಿರೂ ಹಾಗೆಯೇ ಕೇಳಿದರೆ 567 ಕಿಲೋ ಆಯಿತು: ಏಳು ಮಂದಿ ದಷ್ಟಪುಷ್ಟರು ಟಿಕೇಟಿಲ್ಲದೆ ಹತ್ತಿ ಕುಳಿತಂತೆ! ಅದರ ಮೇಲೆ ನಮ್ಮ ಓಟಪಥ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. ವಿಮಾನ ಅಷ್ಟರೊಳಗೇ ಓಡಿ ಏಳಬೇಕು. ಬೇಸಿಗೆಯ ಸೆಕೆಯಲ್ಲಿ ಗಾಳಿ ತೆಳುವಾಗಿ ರೆಕ್ಕೆಗೆ ಸಿಗುವ ಆಸರೆಯೂ ಕಡಿಮೆ. ಇದು ಅಮ್ಮನ ಪ್ರಶ್ನೆಗೆ ಮೊದಲನೆಯ ಉತ್ತರ.

ಎರಡನೆಯ ಉತ್ತರ ಆಕಾಶದ್ದಲ್ಲ, ನೆಲದ್ದು. ಹೆಚ್ಚಿನ ತೂಕಕ್ಕೆ ಹಣ ತೆರುತ್ತೇನೆಂದರೂ, 32 ಕಿಲೋ ಮೀರಿದ ಒಂದೇ ಪೆಟ್ಟಿಗೆಯನ್ನು ವಿಮಾನ ಕಂಪನಿಗಳು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಅದನ್ನು ಎರಡು ಮಾಡಿ ತರಬೇಕು. ಎರಡು ಮಾಡಿದರೆ ವಿಮಾನಕ್ಕೇನೂ ಹಗುರವಾಗದು. ಹಗುರವಾಗುವುದು, ವಿಮಾನದ ಹೊಟ್ಟೆಯೊಳಗೆ ಬಗ್ಗಿ ನಿಂತು ದಿನವಿಡೀ ಪೆಟ್ಟಿಗೆಗಳನ್ನು ಎತ್ತಿ ಜೋಡಿಸುವ ಕೂಲಿಗಾರನಿಗೆ. ಆ ಸಂಖ್ಯೆಯ ಹಿಂದೆ ಇರುವುದು ಅವನ ಸೊಂಟ.

ಈ ವಿವೇಕ ನಮ್ಮ ಹಿರಿಯರಿಗೆ ಹೊಸತಲ್ಲ. ತುಳುನಾಡಿನಲ್ಲಿ ಅಕ್ಕಿಯನ್ನು ಬೈಹುಲ್ಲಿನ ಹಗ್ಗದಿಂದ ಬಿಗಿದು ಮುಡಿ ಕಟ್ಟುತ್ತಿದ್ದರು. 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಗದ್ದೆಯ ಹುಣಿಯ ಮೇಲೆ ಒಬ್ಬ ಆಳು ತಲೆಯಲ್ಲಿ ಹೊತ್ತು ನಡೆಯಬಲ್ಲ ಹೊರೆ ಅದು. ಘಟ್ಟದ ಮೇಲಿನ ಸೀಮೆಯಲ್ಲಿ ಹಳೆಯ ದಾರಿಗಳ ಬದಿಗೆ ಹೊರೆಗಲ್ಲುಗಳಿದ್ದವು. ಎರಡು ಕಲ್ಲು ನೆಟ್ಟು ಮೇಲೊಂದು ಚಪ್ಪಡಿ ಹಾಸಿದರೆ, ಹೊರೆ ಹೊತ್ತವನು ಯಾರ ನೆರವೂ ಇಲ್ಲದೆ ಅದನ್ನು ಇಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳುತ್ತಿದ್ದನು. ಹೊರುವವನನ್ನು ನೆನೆಸಿಕೊಂಡು ಹೊರೆಯನ್ನು ಅಳೆಯುವುದು ಒಳ್ಳೆಯ ನಾಗರಿಕತೆಯ ಲಕ್ಷಣವೆಂದೇ ನನ್ನ ಭಾವನೆ.

ಪಾಪ, ನಮ್ಮ ಮುಡಿಗೆ ಈಗ ದುಬೈಯಲ್ಲಿ ಪ್ರವೇಶವಿಲ್ಲ! ಅಕ್ಕಿಯ ಕಾರಣದಿಂದಲ್ಲ, ಆಕಾರದ ಕಾರಣದಿಂದ. ಅಲ್ಲಿಯ ನಿಲ್ದಾಣದಲ್ಲಿ 2017ರಿಂದ ಗುಂಡಗಿನ ಗಂಟುಗಳನ್ನು ಹಾಗೆಯೇ ಸ್ವೀಕರಿಸುವುದಿಲ್ಲ; ಒಂದು ಮಗ್ಗುಲಾದರೂ ಚಪ್ಪಟೆಯಾಗಿರಬೇಕು. ಪೆಟ್ಟಿಗೆಗಳು ಈಗ ಮನುಷ್ಯರ ತಲೆಯ ಮೇಲಲ್ಲ, ಮೈಲುಗಟ್ಟಲೆ ಉದ್ದದ ಯಂತ್ರದ ಪಟ್ಟಿಗಳ ಮೇಲೆ ಸಾಗುತ್ತವೆ. ಗುಂಡಗಿನದು ಉರುಳಿ ಸಿಕ್ಕಿಕೊಳ್ಳುತ್ತದೆ. ಅಳತೆಯ ಮಿತಿಗೂ ಇದೇ ಬಗೆಯ ಕಾರಣ. ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್ ಮೀರಕೂಡದೆಂಬುದು ಅನೇಕ ಕಂಪನಿಗಳ ನಿಯಮ. ಹತ್ತಿಯಷ್ಟು ಹಗುರವಾದರೂ ಜಾಗ ನುಂಗುವ ಪೆಟ್ಟಿಗೆ ಇನ್ನೊಬ್ಬರ ಜಾಗವನ್ನು ನುಂಗುತ್ತದೆಯಷ್ಟೆ.

ಮೂರನೆಯ ಸ್ವಾರಸ್ಯ ಕಾನೂನಿನದು. 1929ರ ವಾರ್ಸಾ ಒಪ್ಪಂದ, ಕಳೆದುಹೋದ ಸಾಮಾನಿಗೆ ಪರಿಹಾರವನ್ನೂ ತೂಕದಿಂದಲೇ ಗೊತ್ತುಮಾಡಿತು: ಪ್ರಯಾಣಿಕನು ಬೆಲೆಯನ್ನು ಮೊದಲೇ ಘೋಷಿಸದಿದ್ದರೆ, ಕಿಲೋ ಒಂದಕ್ಕೆ ಹೆಚ್ಚೆಂದರೆ 250 ಚಿನ್ನದ ಫ್ರಾಂಕು. ಭಾರತದಲ್ಲಿ 1934ರ ಕಾಯಿದೆಯಿಂದ ಅದು ಜಾರಿಗೆ ಬಂದಿತು. ಆ ತಕ್ಕಡಿಯ ಮುಂದೆ ರೇಷ್ಮೆ ಸೀರೆಯೂ ಒಂದೇ, ಕೊಬ್ಬರಿಯೂ ಒಂದೇ. 1999ರ ಮಾಂಟ್ರಿಯಲ್ ಒಪ್ಪಂದ ತೂಕವನ್ನು ಬಿಟ್ಟು, ಪ್ರಯಾಣಿಕನೊಬ್ಬನಿಗೆ ಇಷ್ಟು ಎಂದು ಪರಿಹಾರದ ಮಿತಿಯನ್ನು ಹಾಕಿತು. ಭಾರತ 2009ರಲ್ಲಿ ಅದನ್ನು ಒಪ್ಪಿತು. ಪೆಟ್ಟಿಗೆ ಜಖಂ ಆಗಿದ್ದರೆ ಏಳು ದಿನಗಳೊಳಗೆ, ತಡವಾಗಿ ಸಿಕ್ಕಿದರೆ 21 ದಿನಗಳೊಳಗೆ ಲಿಖಿತ ದೂರು ಕೊಡಬೇಕೆಂಬುದನ್ನು ಪ್ರಯಾಣ ಹೊರಟವರು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಚರಿತ್ರೆ ನನಗೆ ಆಮೇಲೆ ತಿಳಿದದ್ದು. ಆ ರಾತ್ರಿ ನಾನು ಮಾಡಿದ್ದು ಬೇರೆ. ಅಮ್ಮ ಮಲಗಿದ ಮೇಲೆ ಪೆಟ್ಟಿಗೆಯನ್ನು ಮತ್ತೆ ಬಿಚ್ಚಿದೆ. ಅದರಲ್ಲಿ ನನ್ನ ಪ್ರಬಂಧ ಸಂಕಲನದ ಹತ್ತು ಪ್ರತಿಗಳಿದ್ದವು. ಅಲ್ಲಿಯ ಕನ್ನಡಿಗರಿಗೆ ಹಂಚಬೇಕೆಂಬ ಆಸೆ. ಪಕ್ಕದಲ್ಲಿ ಅಮ್ಮ ಚಾಪೆಯ ಮೇಲೆ ಬಿಸಿಲಿಗಿಟ್ಟು ಒಣಗಿಸಿದ ಹಲಸಿನ ಹಪ್ಪಳದ ಡಬ್ಬಿ. ಎರಡರ ತೂಕವೂ ಸುಮಾರಾಗಿ ಒಂದೇ, ಮೂರು ಕಿಲೋ. ಡಬ್ಬಿಯನ್ನು ತೆಗೆದು ಅಟ್ಟದ ಮೇಲಿಟ್ಟೆ.

ದುಬೈಯಲ್ಲಿ ಪೆಟ್ಟಿಗೆ ತೆರೆದ ತಂಗಿ, "ಅಣ್ಣ, ಹಪ್ಪಳ ಎಲ್ಲಿ? ಅಮ್ಮ ಫೋನಿನಲ್ಲಿ ಹೇಳಿದ್ದರಲ್ಲ?" ಎಂದಳು. ನಾನು ತೂಕದ ನೆಪ ಹೇಳಿದೆ. ಅವಳು ಪುಸ್ತಕಗಳನ್ನು ನೋಡಿದಳು, ಮತ್ತೇನೂ ಕೇಳಲಿಲ್ಲ. ನಾನು ಹಿಂದಿರುಗಿದ ಮೇಲೆ ಮಳೆಗಾಲದ ಒಂದು ಮಧ್ಯಾಹ್ನ ಅಮ್ಮ ಗಂಜಿಯ ಜತೆ ಹಪ್ಪಳ ಕರಿದು ಬಡಿಸಿದರು. ಅಟ್ಟದ ಡಬ್ಬಿ ಕೈಗೆ ಸಿಕ್ಕಿತ್ತು. ಅವರೂ ಏನೂ ಹೇಳಲಿಲ್ಲ.

ಮರುವರ್ಷ ಮಂಡಿನೋವಿನಿಂದ ಅಮ್ಮನಿಗೆ ನೆಲದಲ್ಲಿ ಕೂರಲಾಗಲಿಲ್ಲ. ಹಪ್ಪಳ ಒತ್ತುವ ಕೆಲಸ ಅಲ್ಲಿಗೆ ನಿಂತಿತು. ಕಳೆದ ಬೇಸಿಗೆಯಲ್ಲಿ ನಾನು ಮತ್ತೆ ದುಬೈಗೆ ಹೋದೆ. ಈ ಸಲ ಪೆಟ್ಟಿಗೆಯ ತಳದಲ್ಲಿ ಮೊದಲು ಆ ಡಬ್ಬಿಯನ್ನಿಟ್ಟು, ಆಮೇಲೆ ಉಳಿದದ್ದನ್ನು ತೂಗಿದೆ. ಡಬ್ಬಿ ಅಮ್ಮನದೇ; ಹಪ್ಪಳ ಮಾತ್ರ ಅಂಗಡಿಯದು.